ಬಚ್ಚಲ ನೀರು ಹಿಂದಕ್ಕೆ ಬಂದರೆ

ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಒಂದು ನಿಮಿಷ ಓದುವುದನ್ನು ನಿಲ್ಲಿಸಿ. ಯೋಚಿಸಿ.

"ಮೋರಿಗೆ ಹೋಗುತ್ತೆ" ಅಂತೀರಿ. ಸರಿ. ಮೋರಿಯಿಂದ ಎಲ್ಲಿಗೆ? ಬಹಳ ಜನಕ್ಕೆ ಇದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನೀರು ತನ್ನಷ್ಟಕ್ಕೆ ಹೋಗುತ್ತಾ ಇದ್ದರೆ ಯಾರೂ ಕೇಳುವುದಿಲ್ಲ. ನಿಂತ ದಿನ ಎಲ್ಲರೂ ಕೇಳುತ್ತಾರೆ.

ಅವಲಾಂಚ್ ಕಡೆ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಹಾಗೇ ಆಯಿತು. ಆಷಾಢದ ಮಳೆ. ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಅಕ್ಕ ಸಂಜೆ ಪಾಠಕ್ಕೆ ತಡವಾಗಿ ಬಂದರು. ಸೀರೆ ಅಂಚು ಒದ್ದೆ.

"ಮೇಡಂ, ಇವತ್ತು ಬರೆಯಕ್ಕೆ ಆಗಲ್ಲ. ಬಚ್ಚಲ ನೀರೆಲ್ಲಾ ಒಲೆ ಹತ್ರ ಬಂದುಬಿಟ್ಟಿದೆ. ಬೆಳಿಗ್ಗೆಯಿಂದ ಬಕೆಟ್ಟಲ್ಲಿ ಎತ್ತಿ ಎತ್ತಿ ಹಾಕ್ತಾ ಇದೀನಿ."

"ನಡೀರಕ್ಕ, ನೋಡೋಣ" ಅಂದೆ. ಆ ದಿನ ಪಾಠ ನಿಂತಿತು. ಅಲ್ಲ, ಬಚ್ಚಲಲ್ಲೇ ನಡೆಯಿತು ಅನ್ನಬಹುದು.

ನೀರು ಯಾಕೆ ನಿಲ್ಲುತ್ತದೆ?

ಅವರ ಮನೆಯಲ್ಲಿ ಪಾತ್ರೆ ತೊಳೆಯುವ ಜಾಗ ಒಂದು, ಸ್ನಾನದ ಬಚ್ಚಲು ಒಂದು. ಎರಡರ ನೀರೂ ಒಂದೇ ಪೈಪಿಗೆ ಸೇರಿ ಗೋಡೆಯಾಚೆ ಹೋಗುತ್ತದೆ. ಕಕ್ಕಸಿನದು ಬೇರೆ, ಅದಕ್ಕೆ ಹಿತ್ತಿಲಲ್ಲಿ ತೊಟ್ಟಿ ಇದೆ.

ಮೊದಲು ಬಚ್ಚಲ ಜಾಲರಿ ಎತ್ತಿದೆವು. ಕೆಳಗೆ ಏನಿತ್ತು ಗೊತ್ತೇ? ತಲೆಕೂದಲ ಉಂಡೆ. ತೆಂಗಿನ ನಾರು. ಟೀ ಚರಟ. ಶಾಂಪೂ ಪೊಟ್ಟಣದ ಹರಿದ ತುಂಡು ಐದಾರು. ಎಲ್ಲವನ್ನೂ ಹಿಡಿದು ಕೂರಿಸಿದ್ದು ಮಾತ್ರ ಬೇರೆ ಒಂದು ಸಾಮಾನು. ಬೆಳ್ಳಗೆ, ಮೇಣದ ಹಾಗೆ. ಅದು ಜಿಡ್ಡು.

ನೀಲಗಿರಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ನೀವು ಅದನ್ನು ಬಿಸಿಲಲ್ಲಿ ಇಟ್ಟು, ಕರಗಿದ ಮೇಲೆ ತಲೆಗೆ ಹಚ್ಚುತ್ತೀರಿ. ಪೈಪಿನ ಒಳಗೆ ಬಿಸಿಲು ಬೀಳುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟಲು ಶುರು. ಡಾಲ್ಡಾ, ತುಪ್ಪ, ಮಾಂಸದ ಕೊಬ್ಬು ಕೂಡ ಹಾಗೆಯೇ. ಬಿಸಿ ಸಾರಿನ ಪಾತ್ರೆ ತೊಳೆದಾಗ ಎಣ್ಣೆ ನೀರಿನ ಜೊತೆ ಹರಿದು ಹೋಗುತ್ತದೆ. ತಣ್ಣನೆಯ ಪೈಪು ಮುಟ್ಟಿದ ಕೂಡಲೇ ಗೋಡೆಗೆ ಅಂಟುತ್ತದೆ. ಇವತ್ತು ಒಂದು ಪದರ, ನಾಳೆ ಒಂದು ಪದರ. ಬಯಲು ಸೀಮೆಯ ಮನೆಗಿಂತ ಬೆಟ್ಟದ ಮನೆಯ ಪೈಪು ಬೇಗ ಕಟ್ಟಿಕೊಳ್ಳಲು ಇದೂ ಒಂದು ಕಾರಣ.

ಅದಕ್ಕೇ ಎಣ್ಣೆ ಪಾತ್ರೆಯನ್ನು ತೊಳೆಯುವ ಮೊದಲು ಒಂದು ಹಿಡಿ ಒಲೆ ಬೂದಿ ಹಾಕಿ, ಇಲ್ಲವೇ ಹಳೇ ಕಾಗದದಿಂದ ಒರೆಸಿ, ಆ ಬೂದಿಯನ್ನು ಗಿಡದ ಬುಡಕ್ಕೆ ಹಾಕಿ. ನಮ್ಮ ಅಜ್ಜಿಯರು ಬೂದಿಯಲ್ಲಿ ತಿಕ್ಕುತ್ತಿದ್ದರು. ಬೂದಿ ಜಿಡ್ಡನ್ನು ಹೀರುತ್ತದೆ. ಆದರೆ ಬೂದಿಯನ್ನು ಮೋರಿಗೆ ತೊಳೆದು ಬಿಡಬೇಡಿ. ಅದೂ ಕೆಳಗೆ ಹೋಗಿ ಕೆಸರಾಗಿ ಕೂರುತ್ತದೆ. ಚಹಾ ಚರಟವೂ ಅಷ್ಟೇ, ಗುಲಾಬಿ ಗಿಡಕ್ಕೆ ಹಾಕಿ.

ಬಿಡಿಸುವುದು ಹೇಗೆ?

ಮೊದಲು ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಒಂದೇ ಕಡೆ ನೀರು ನಿಂತಿದೆಯೋ, ಎಲ್ಲಾ ಕಡೆ ನಿಂತಿದೆಯೋ? ಒಂದೇ ಕಡೆ ಆದರೆ ತಡೆ ಹತ್ತಿರದಲ್ಲೇ ಇದೆ. ಎಲ್ಲಾ ಕಡೆ ನಿಂತರೆ ತಡೆ ಹೊರಗೆ, ದೂರದಲ್ಲಿ ಇದೆ. ಇದನ್ನು ನೋಡದೆ ಕೆಲಸ ಶುರು ಮಾಡಿದರೆ ಅರ್ಧ ದಿನ ವ್ಯರ್ಥ. ನಾವು ಹಾಗೇ ಮಾಡಿದೆವು, ಮುಂದೆ ಹೇಳ್ತೀನಿ.

ನಿಂತ ನೀರನ್ನು ಚೊಂಬಿನಲ್ಲಿ ಎತ್ತಿ ತೆಗೆಯಿರಿ. ಕೈಗೆ ರಬ್ಬರ್ ಗವಸು ಹಾಕಿ. ಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಕೈಗೆ ಸಿಗುವ ಕಸವನ್ನೆಲ್ಲ ಹೊರಗೆ ತೆಗೆಯಿರಿ. ಒಳಗೆ ತಳ್ಳಬೇಡಿ. ತಳ್ಳಿದ ಕಸ ಎಲ್ಲೂ ಹೋಗಲ್ಲ, ಮುಂದಿನ ತಿರುವಿನಲ್ಲಿ ಕೂತಿರುತ್ತೆ.

ಆಮೇಲೆ ಬಿಸಿ ನೀರು. ಜೊತೆಗೆ ಒಂದು ಹಿಡಿ ಬಟ್ಟೆ ಸೋಪಿನ ಪುಡಿ. ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಕುದಿಯುವ ನೀರು ಬೇಡ. ಈಗಿನ ಪೈಪುಗಳು ಪ್ಲಾಸ್ಟಿಕ್ಕಿನವು. ಕುದಿಯುವ ನೀರಿಗೆ ಅವು ಮೆತ್ತಗಾಗಿ, ಸೊಟ್ಟಗಾಗಿ, ಸೇರಿಸಿದ ಕಡೆ ಬಿಟ್ಟುಕೊಳ್ಳುತ್ತವೆ. ಸ್ನಾನಕ್ಕೆ ಕಾಯಿಸುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ಇದ್ದರೆ ಸಾಕು.

ಅಷ್ಟಕ್ಕೂ ಬಿಡದಿದ್ದರೆ ಅಂಗಡಿಯಲ್ಲಿ ಒಂದು ಸಾಮಾನು ಸಿಗುತ್ತದೆ. ಕೋಲಿನ ತುದಿಗೆ ರಬ್ಬರ್ ಬಟ್ಟಲು. ಪ್ಲಂಜರ್ ಅಂತಾರೆ. ಬಟ್ಟಲು ಮುಳುಗುವಷ್ಟು ನೀರು ಇರಬೇಕು. ಪಕ್ಕದ ತೂತುಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚಬೇಕು. ಇಲ್ಲದಿದ್ದರೆ ಗಾಳಿ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಬಟ್ಟಲನ್ನು ಒತ್ತಿ, ಎಳೆಯಿರಿ. ಹತ್ತು ಹದಿನೈದು ಸಲ. ಜನ ಒತ್ತುವುದಕ್ಕೇ ಬಲ ಹಾಕುತ್ತಾರೆ. ಎಳೆಯುವುದೂ ಅಷ್ಟೇ ಮುಖ್ಯ. ಎಳೆದಾಗಲೇ ಕಸ ಸಡಿಲ ಆಗುವುದು.

ಅದೂ ಇಲ್ಲವೇ? ಉದ್ದದ ಗಟ್ಟಿ ತಂತಿ ತೆಗೆದುಕೊಳ್ಳಿ. ತುದಿಯನ್ನು ಸಣ್ಣ ಕೊಕ್ಕೆ ಮಾಡಿ. ಒಳಗೆ ಬಿಟ್ಟು, ತಿರುಗಿಸಿ, ಎಳೆಯಿರಿ. ಪೊರಕೆ ಕಡ್ಡಿ ಬೇಡ. ಒಳಗೆ ಮುರಿದರೆ ಅದೇ ಹೊಸ ತಡೆ.

ಅಡುಗೆ ಮನೆಯಲ್ಲಿ ಸಿಂಕು ಇರುವವರು ಅದರ ಕೆಳಗೆ ನೋಡಿ. ಪೈಪು ಬಾಗಿ ಮೇಲೆ ಬಂದು ಹೋಗುತ್ತದೆ, ಇಲ್ಲವೇ ಬಟ್ಟಲಿನಂಥ ಒಂದು ಭಾಗ ಇರುತ್ತದೆ. ಅಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಅದು ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಆ ನೀರು ಬಾಗಿಲ ಹಾಗೆ. ಮೋರಿಯ ಕೆಟ್ಟ ಗಾಳಿ, ಜಿರಲೆ ಮನೆಯೊಳಗೆ ಬರದಂತೆ ತಡೆಯುತ್ತದೆ. ಕಸ ಹೆಚ್ಚು ಕೂರುವುದೂ ಅಲ್ಲೇ. ಕೆಳಗೆ ಬಕೆಟ್ ಇಟ್ಟು, ಬಟ್ಟಲನ್ನು ಕೈಯಲ್ಲಿ ತಿರುಗಿಸಿ ಬಿಚ್ಚಿ, ತೊಳೆದು, ರಬ್ಬರ್ ಬಳೆಯನ್ನು ಮರೆಯದೆ ಸೇರಿಸಿ ಹಾಕಿ. ಸಿಂಕಿನ ತಡೆಯಲ್ಲಿ ಹೆಚ್ಚಿನದು ಇಷ್ಟರಲ್ಲೇ ಬಿಡುತ್ತದೆ.

ಆಸಿಡ್ ಬಗ್ಗೆ ನನ್ನದೇ ಕಥೆ

ಅಷ್ಟರಲ್ಲಿ ಪಕ್ಕದ ಮನೆ ಅಣ್ಣ ಒಂದು ಬಾಟಲಿ ಹಿಡಿದು ಬಂದರು. "ಆಸಿಡ್ ಹಾಕಿ ಮೇಡಂ, ಒಂದೇ ಏಟಿಗೆ ಹೋಗುತ್ತೆ." ನಾನು "ಬೇಡ ಅಣ್ಣ" ಅಂದೆ. ಯಾಕೆ ಅಂದರೆ ಅದಕ್ಕೆ ಒಂದು ಹಳೇ ಕಥೆ ಇದೆ.

ಮದುವೆಯಾದ ಹೊಸದರಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದೆವು. ಬಚ್ಚಲು ಕಟ್ಟಿತು. ನಾನು ಕಕ್ಕಸು ತೊಳೆಯುವ ಆಸಿಡ್ ಸುರಿದೆ. ನೀರು ಹೋಗಲಿಲ್ಲ. ವಾಸನೆ ತಡೆಯಲಾರದೆ ಅದರ ಮೇಲೆ ಬ್ಲೀಚಿಂಗ್ ಪುಡಿ ಹಾಕಿದೆ. ಬುಸ್ ಎಂದು ಹೊಗೆ ಎದ್ದಿತು. ಎದೆ ಹಿಡಿದುಕೊಂಡಿತು, ಕಣ್ಣು ಉರಿಯಿತು. ಹೇಗೋ ಹೊರಗೆ ಓಡಿ ಬಂದೆ. ಒಂದು ವಾರ ಕೆಮ್ಮಿದೆ. ಆ ಹೊಗೆಯ ಹೆಸರು ಕ್ಲೋರಿನ್. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರನ್ನು ಕೊಲ್ಲಲು ಬಳಸಿದ ಗಾಳಿ ಅದೇ. ನಾನು ಅದನ್ನು ನನ್ನ ಬಚ್ಚಲಲ್ಲಿ ಮಾಡಿದ್ದೆ!

ನಾನು ಬಿ.ಎ. ಓದಿದವಳು. ಬ್ಲೀಚಿಂಗ್ ಪುಡಿ ಪೊಟ್ಟಣದ ಮೇಲೆ ಬರೆದದ್ದನ್ನು ಓದಿರಲಿಲ್ಲ.

ಹಾಗಾಗಿ ನೆನಪಿಡಿ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಂದೇ ಕಡೆ ಸೇರಬಾರದು. ಕಾಸ್ಟಿಕ್ ಸೋಡ ಎಂಬ ಬಿಳಿ ಹರಳು ಕೂಡ ಅಂಗಡಿಯಲ್ಲಿ ಸಿಗುತ್ತದೆ. ನೀರು ಬಿದ್ದರೆ ಅದು ಕುದಿಯುವಷ್ಟು ಬಿಸಿಯಾಗುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದನ್ನೂ ಆಸಿಡ್ಡನ್ನೂ ಬೆರೆಸಬೇಡಿ. ಅಂಥದ್ದು ಮೈಮೇಲೆ ಬಿದ್ದರೆ ಎಣ್ಣೆ, ಅರಿಶಿನ ಹಚ್ಚಬೇಡಿ. ಹರಿಯುವ ನೀರಲ್ಲಿ ಕಡಿಮೆ ಎಂದರೆ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ನಮ್ಮ ಕಡೆ ಸಿಗುವ ಬಾಟಲಿಗಳ ಮೇಲೆ ತಮಿಳು, ಇಂಗ್ಲಿಷ್ ಇರುತ್ತದೆ. ಕನ್ನಡ ಇರುವುದು ಕಡಿಮೆ. ಆದರೆ ಚಿತ್ರ ಇರುತ್ತದೆ. ಒಂದು ಕೈ, ಅದರ ಮೇಲೆ ಹನಿ ಬಿದ್ದು ಕೈ ಸವೆದ ಹಾಗೆ. ಆ ಚಿತ್ರಕ್ಕೆ ಅರ್ಥ: ಇದು ಸುಡುತ್ತದೆ. ಅದನ್ನು ಓದಲು ಯಾವ ಭಾಷೆಯೂ ಬೇಡ. ಇನ್ನೊಂದು ಮಾತು, ಇಂಥದ್ದನ್ನು ನೀರಿನ ಬಾಟಲಿಗೆ, ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿ ಇಡಬೇಡಿ. ಮಕ್ಕಳು ಕುಡಿಯುತ್ತಾರೆ.

ಪೈಪಿನ ಇನ್ನೊಂದು ತುದಿ

ಜಾಲರಿ ತೆಗೆದಿದ್ದಾಯಿತು, ಬಿಸಿ ನೀರು ಹಾಕಿದ್ದಾಯಿತು, ತಂತಿ ಆಡಿಸಿದ್ದಾಯಿತು. ನೀರು ಗುಳುಗುಳು ಅಂದು ಒಂದು ಗೇಣು ಇಳಿಯಿತು, ಮತ್ತೆ ನಿಂತಿತು. ಆಗ ಒಲೆ ಪಕ್ಕ ಕೂತಿದ್ದ ಅಕ್ಕನ ಅತ್ತೆ ಕೇಳಿದರು: "ಇಷ್ಟೊತ್ತಿಂದ ಒಳಗೇ ಕೆದಕ್ತಾ ಇದೀರಲ್ಲಾ, ಹೊರಗೆ ನೀರು ಬೀಳೋದನ್ನ ಯಾರಾದ್ರೂ ನೋಡಿದ್ರಾ ತಾಯಿ?"

ಯಾರೂ ನೋಡಿರಲಿಲ್ಲ. ಮೊದಲ ಪರೀಕ್ಷೆ ಮಾಡಲಿಲ್ಲ ಎಂದೆನಲ್ಲ, ಇದೇ.

ಟಾರ್ಚು ಹಿಡಿದು ಮನೆ ಹಿಂದೆ ಹೋದೆವು. ಅಲ್ಲಿ ಪೈಪಿನ ತುದಿಯೇ ಕಾಣಲಿಲ್ಲ. ಮೇಲಿನ ದಿಬ್ಬದಿಂದ ಮಣ್ಣು ಜಾರಿ ಬಂದು ಅದರ ಮೇಲೆ ಕೂತಿತ್ತು. ಗುದ್ದಲಿಯಿಂದ ಎಳೆದೆವು. ಮಣ್ಣು, ಎಲೆ, ಪ್ಲಾಸ್ಟಿಕ್ ಕವರು. ತುದಿ ಸಿಕ್ಕ ಕೂಡಲೇ ಕಪ್ಪು ನೀರು ಭರ್ ಎಂದು ಬಂದಿತು. ಒಳಗಿಂದ ಅಕ್ಕನ ಮಗಳು ಕೂಗಿದಳು: "ಹೋಯ್ತು, ಹೋಯ್ತು!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಹಿಂದಿನ ಬಾಗಿಲು ಎರಡು ದಿನದಿಂದ ಹಾಕಕ್ಕೆ ಬರ್ತಾ ಇಲ್ಲ" ಅಂದರು.

ಇದನ್ನು ನಿಧಾನವಾಗಿ ಓದಿ. ಬೆಟ್ಟದ ಊರಲ್ಲಿ ಇರುವವರು ಎರಡು ಸಲ ಓದಿ.

ಪೈಪಿನಿಂದ ಹೊರಗೆ ಹೋಗಬೇಕಿದ್ದ ನೀರು ಅಷ್ಟು ದಿನ ಎಲ್ಲಿ ಹೋಗುತ್ತಿತ್ತು? ಸ್ವಲ್ಪ ಮನೆಯೊಳಗೆ ಬಂದಿತು. ಉಳಿದದ್ದು ಪೈಪಿನ ಸಂದಿಯಿಂದ ಗೋಡೆಯ ಬುಡದ ಮಣ್ಣಿಗೆ ಇಳಿಯುತ್ತಿತ್ತು. ಮಳೆ ನೀರು ಬೇರೆ. ನೀರು ಕುಡಿದ ಮಣ್ಣು ಭಾರ ಆಗುತ್ತದೆ, ಹಿಡಿತವೂ ಸಡಿಲ ಆಗುತ್ತದೆ. ಇಳಿಜಾರಿನಲ್ಲಿ ಅಂಥ ಮಣ್ಣು ಜಾರುತ್ತದೆ. ಬಾಗಿಲು ಹಾಕಲು ಬರದಿದ್ದರೆ ಗೋಡೆ ಕೂತಿದೆ ಎಂದು ಅರ್ಥ.

ಅವಲಾಂಚ್ ಎಂಬ ಹೆಸರೇ ಮಣ್ಣು ಜರಿದದ್ದರಿಂದ ಬಂದಿದ್ದು. 1823ರಲ್ಲಿ ಇಲ್ಲಿ ದೊಡ್ಡ ಭೂಕುಸಿತ ಆಯಿತಂತೆ. ಇಂಗ್ಲಿಷರು ಅದನ್ನೇ ಹೆಸರಾಗಿ ಇಟ್ಟರು. 2009ರ ನವೆಂಬರಿನಲ್ಲಿ ನೀಲಗಿರಿಯಲ್ಲಿ ನೂರಾರು ಕಡೆ ಮಣ್ಣು ಜರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್ 8ರಂದು ಅಳೆದಾಗ ಅವಲಾಂಚಿನಲ್ಲಿ ಒಂದೇ ದಿನಕ್ಕೆ 82 ಸೆಂಟಿಮೀಟರ್ ಮಳೆ ಬಿದ್ದಿತ್ತು. ಮೈಸೂರಿಗೆ ಒಂದು ವರ್ಷ ಪೂರ್ತಿ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ! ಅಂಥ ಮಳೆಯನ್ನು ನಾವು ತಡೆಯಲಾರೆವು. ಮನೆಯ ನೀರು ಗೋಡೆ ಬುಡಕ್ಕೆ ಇಂಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಮಳೆಗಾಲದಲ್ಲಿ ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಮರ ಅಥವಾ ಕಂಬ ವಾಲಿದರೆ, ಬಾಗಿಲು ಕಿಟಕಿ ಬಿಗಿಯಾದರೆ, ದಿಬ್ಬದಿಂದ ಇದ್ದಕ್ಕಿದ್ದಂತೆ ಕೆಸರು ನೀರು ಚಿಮ್ಮಿದರೆ, ಆ ಮನೆಯಲ್ಲಿ ಮಲಗಬೇಡಿ. ಸಾಮಾನು ಕಟ್ಟುತ್ತಾ ಕೂರಬೇಡಿ. ರೇಷನ್ ಕಾರ್ಡು, ಔಷಧಿ, ಮಕ್ಕಳು, ಅಷ್ಟೇ.

ಅಕ್ಕನ ಮನೆಯವರು ಆ ರಾತ್ರಿ ತಂಗಿ ಮನೆಯಲ್ಲಿ ಮಲಗಿದರು. ಮನೆ ಬೀಳಲಿಲ್ಲ. ಹಿಂದಿನ ಮೂಲೆ ಮೂರನೇ ದಿನ ಒಂದು ಅಂಗುಲ ಕುಸಿಯಿತು. ಈಗ ಅಲ್ಲಿ ಕಲ್ಲು ಕಟ್ಟಿದ್ದಾರೆ. ಪೈಪಿಗೆ ಇಳಿಜಾರು ಕೊಟ್ಟಿದ್ದಾರೆ, ನಾಲ್ಕು ಅಡಿ ಉದ್ದಕ್ಕೆ ಒಂದು ಅಂಗುಲ ಇಳಿಯುವ ಹಾಗೆ. ಗೋಡೆಯ ಹೊರಗೆ ಒಂದು ಪುಟ್ಟ ಕಲ್ಲಿನ ಗುಂಡಿ ಮಾಡಿ, ಮೇಲೆ ಚಪ್ಪಡಿ ಮುಚ್ಚಿದ್ದಾರೆ. ತಳಕ್ಕೂ ಸಿಮೆಂಟು ಬಳಿದಿದ್ದಾರೆ. ನೀರು ಅದರೊಳಗೆ ಬಿದ್ದು, ಕಸ ತಳದಲ್ಲಿ ಕೂತು, ತಿಳಿ ನೀರು ಚರಂಡಿಗೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಚಪ್ಪಡಿ ಎತ್ತಿ ಕಸ ತೆಗೆದರೆ ಆಯಿತು. ಇದೇನು ಹೊಸದಲ್ಲ. ಇಂದಿನ ಪಾಕಿಸ್ತಾನದಲ್ಲಿರುವ ಮೊಹೆಂಜೊದಾರೊ ಎಂಬ ಊರಿನಲ್ಲಿ 4,000 ವರ್ಷಕ್ಕೂ ಹಿಂದೆಯೇ ಇಟ್ಟಿಗೆಯ ಚರಂಡಿ, ಕಸ ಕೂರುವ ಗುಂಡಿ ಇದ್ದವು.

ಮಸಿನಗುಡಿ, ಗೂಡಲೂರು ಕಡೆ ಓದುತ್ತಿರುವವರಿಗೆ ಒಂದು ಮಾತು. ನಿಮ್ಮ ಕಡೆ ಸೆಕೆ ಹೆಚ್ಚು, ಸೊಳ್ಳೆಯೂ ಹೆಚ್ಚು. ಮೋರಿ ನೀರು ನಿಂತರೆ ಆನೆಕಾಲು ರೋಗ ತರುವ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು. ಕಾಲಲ್ಲಿ ಗಾಯ ಇದ್ದರೆ ಮೋರಿ ನೀರಿಗೆ ಇಳಿಯಬೇಡಿ.

ಗುಂಡಿಗೆ ಇಳಿಯಬೇಡಿ

ಅದೇ ರಾತ್ರಿ ಇನ್ನೊಂದು ನಡೆಯಿತು. ಕಕ್ಕಸಿನ ತೊಟ್ಟಿಯೂ ತುಂಬಿದೆ ಎಂದು ಅಕ್ಕನ ಮೈದುನ ಅದರ ಕಲ್ಲು ಸರಿಸಲು ಹೊರಟ. "ಇಳಿದು ನೋಡ್ತೀನಿ ಬಿಡಿ, ಎರಡು ನಿಮಿಷ" ಅಂದ. ಪ್ಯಾಂಟು ಮಡಚಿಯೂ ಆಗಿತ್ತು. ನಾನು ಅವನ ಕೈ ಹಿಡಿದು ಎಳೆದೆ. ನನಗಿಂತ ಚಿಕ್ಕವನು, ಬೇಜಾರು ಮಾಡಿಕೊಂಡ. ಮಾಡಿಕೊಳ್ಳಲಿ.

ಮುಚ್ಚಿದ ತೊಟ್ಟಿಯಲ್ಲಿ ಹೊಲಸು ಕೊಳೆತು ವಿಷದ ಗಾಳಿ ಹುಟ್ಟುತ್ತದೆ. ಅದರಲ್ಲಿ ಒಂದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದು ಹೆಚ್ಚಾದಾಗ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. "ವಾಸನೆ ಇಲ್ಲ, ಪರವಾಗಿಲ್ಲ" ಅಂದುಕೊಂಡು ಇಳಿದವರು ಎರಡು ಉಸಿರಿಗೆ ಬೀಳುತ್ತಾರೆ. ಅವರನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಒಂದೇ ಮನೆಯ ಇಬ್ಬರು ಮೂವರು ಸತ್ತದ್ದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿದೆ. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. ಜನ ಕೂಗಿ, 108ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರನ್ನು ಕರೆಯಿರಿ. ತೊಟ್ಟಿಯ ಬಾಯಿಯ ಹತ್ತಿರ ಬೀಡಿ, ಬೆಂಕಿಕಡ್ಡಿ ಹಚ್ಚಬೇಡಿ.

ನೀವು ಇಳಿಯಬಾರದು, ಸರಿ. ಕೂಲಿ ಕೊಟ್ಟು ಇನ್ನೊಬ್ಬರನ್ನು ಇಳಿಸಬಹುದೇ? ಅದೂ ಇಲ್ಲ. 2013ರ ಕಾನೂನಿನ ಪ್ರಕಾರ ರಕ್ಷಣೆಯ ಸಾಧನವಿಲ್ಲದೆ ಮನುಷ್ಯರನ್ನು ತೊಟ್ಟಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹಾಗೆ ಇಳಿದು ಸತ್ತವರ ಮನೆಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಈ ಕೆಲಸಕ್ಕೆ ಯಾವಾಗಲೂ ಒಂದೇ ಕೇರಿಯವರನ್ನು ಕರೆಯುತ್ತಾರೆ. ಅದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಇದನ್ನು ನಿಲ್ಲಿಸಬೇಕೆಂದು ಹೋರಾಡುತ್ತಿರುವ ಬೆಜವಾಡ ವಿಲ್ಸನ್ ಹುಟ್ಟಿದ್ದು ಕರ್ನಾಟಕದ ಕೋಲಾರ ಚಿನ್ನದ ಗಣಿಯ ಊರಿನಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು.

ತೊಟ್ಟಿ ತುಂಬಿದರೆ ಮೋಟಾರಿನಿಂದ ಹೀರುವ ಲಾರಿ ತರಿಸಬೇಕು. ಅದಕ್ಕೆ 14420 ಎಂಬ ಸಹಾಯವಾಣಿ ಇದೆ. ಲಾರಿ ಬರುವ ದಾರಿ ಇಲ್ಲದ ಮನೆಗಳೂ ನಮ್ಮಲ್ಲಿವೆ. ಅದಕ್ಕೂ ಅರ್ಜಿ ಬರೆಯಬೇಕು.

ಅಕ್ಕ ಬರೆದ ಅರ್ಜಿ

ಮೇಲಿನ ರಸ್ತೆಯ ಚರಂಡಿ ಕಟ್ಟಿ, ಅದರ ನೀರೇ ದಿಬ್ಬಕ್ಕೆ ಇಳಿಯುತ್ತಿತ್ತು. ಅದು ಒಂದು ಮನೆಯ ಕೆಲಸ ಅಲ್ಲ. ಮುಂದಿನ ವಾರ ಪಾಠದಲ್ಲಿ ಅಕ್ಕ ಇದನ್ನು ಬರೆದರು. ಎರಡು ಸಂಜೆ ಹಿಡಿಯಿತು. ಒತ್ತಕ್ಷರ ಮಾತ್ರ ನಾನು ತಿದ್ದಿದೆ.

ಗೆ,
ಅಧ್ಯಕ್ಷರು,
ಗ್ರಾಮ ಪಂಚಾಯಿತಿ.

ವಿಷಯ: ರಸ್ತೆ ಚರಂಡಿ ಬಿಡಿಸಿಕೊಡುವ ಬಗ್ಗೆ.

ಮಾನ್ಯರೇ,
ನಮ್ಮ ಸಾಲಿನಲ್ಲಿ ಒಂಬತ್ತು ಮನೆ ಇವೆ. ಮೇಲಿನ ರಸ್ತೆಯ ಚರಂಡಿಯಲ್ಲಿ ಮಣ್ಣು ತುಂಬಿದೆ. ನೀರು ನಮ್ಮ ಮನೆ ಹಿಂದಿನ ದಿಬ್ಬಕ್ಕೆ ಇಳಿಯುತ್ತಿದೆ. ನಮ್ಮ ಮನೆಯ ಒಂದು ಮೂಲೆ ಕುಸಿದಿದೆ. ದಿಬ್ಬದ ಕೆಳಗೆ ಮಕ್ಕಳು ಮಲಗುತ್ತಾರೆ. ಮುಂದಿನ ಮಳೆ ಬರುವ ಮುಂಚೆ ಚರಂಡಿ ಬಿಡಿಸಿಕೊಡಿ.

ಇಂತಿ,
ಸಹಿ

ಅರ್ಜಿಯನ್ನು ತಮಿಳಿನಲ್ಲಿ ಕೊಡಿ ಎಂದರು. ಕಾಲೇಜಿಗೆ ಹೋಗುವ ಒಬ್ಬ ಹುಡುಗ ತಮಿಳಿನಲ್ಲಿ ಬರೆದುಕೊಟ್ಟ. ಎರಡನ್ನೂ ಸೇರಿಸಿ ಕೊಟ್ಟೆವು. ಒಂದು ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಂಡೆವು. ಇದನ್ನು ಮರೆಯಬೇಡಿ, ಸೀಲು ಇಲ್ಲದಿದ್ದರೆ "ಅರ್ಜಿ ಬಂದೇ ಇಲ್ಲ" ಅಂತಾರೆ. ಎರಡು ಸಲ ನೆನಪು ಮಾಡಿದ ಮೇಲೆ ಆಳುಗಳು ಬಂದು ಅರ್ಧ ಚರಂಡಿ ಬಿಡಿಸಿ ಹೋದರು. ಉಳಿದ ಅರ್ಧಕ್ಕೆ ಅಕ್ಕ ಈಗ ಎರಡನೇ ಅರ್ಜಿ ಬರೆಯುತ್ತಿದ್ದಾರೆ. ಅದರಲ್ಲಿ ಒಂಬತ್ತು ಸಹಿ ಇರುತ್ತದೆ. ಹೆಬ್ಬೆಟ್ಟು ಎರಡೇ.

ಓದಿ, ಬರೆಯಿರಿ

1. ಅಕ್ಕನ ಮನೆಯ ಬಚ್ಚಲು ಕಟ್ಟಲು ಒಳಗಿನ ಕಾರಣ ಏನು? ಹೊರಗಿನ ಕಾರಣ ಏನು?

2. ಆಸಿಡ್ ಜೊತೆ ಯಾವುದನ್ನು ಬೆರೆಸಬಾರದು? ನಿಮ್ಮ ಮನೆಯಲ್ಲಿ ಇವು ಎಲ್ಲಿ ಇವೆ, ಹುಡುಕಿ ನೋಡಿ.

3. ಈ ಪದಗಳನ್ನು ಎರಡು ಸಲ ಬರೆಯಿರಿ: ಬಚ್ಚಲು, ಜಿಡ್ಡು, ದಿಬ್ಬ, ತೊಟ್ಟಿ, ಇಳಿಜಾರು, ಪಂಚಾಯಿತಿ.

4. ಪಾತ್ರೆ ತೊಳೆಯುವ ಜಾಗದಿಂದ ಶುರು ಮಾಡಿ, ನಿಮ್ಮ ಮನೆಯ ನೀರು ಹೋಗುವ ದಾರಿಯ ಚಿತ್ರ ಬರೆಯಿರಿ. ಪೈಪಿನ ಹೊರಗಿನ ತುದಿಯನ್ನು ಹೋಗಿ ನೋಡಿಕೊಂಡು ಬಂದು, ಅದನ್ನೂ ಗುರುತು ಮಾಡಿ.